ನಮ್ಮ ಕೇರಿಯ ಕಸದ ನಿರ್ಧಾರ ಯಾವ ಕಾಗದದಲ್ಲಿದೆ? ಕಾರವಾರ, ಶಿರಸಿಯ ನಿವಾಸಿಗಳಿಗೊಂದು ಮಾರ್ಗದರ್ಶಿ

ಕಸದ ಆಟೋ ಟಿಪ್ಪರ್ ಬೆಳಿಗ್ಗೆ ಏಳಕ್ಕೆ ಬರಬೇಕೋ ಒಂಬತ್ತಕ್ಕೋ, ಓಣಿಯೊಳಗೆ ಬರಬೇಕೋ ತಿರುವಿನಲ್ಲೇ ನಿಲ್ಲಬೇಕೋ, ಹಸಿ ಕಸವನ್ನು ದಿನವೂ ಒಯ್ಯಬೇಕೋ ದಿನ ಬಿಟ್ಟು ದಿನವೋ ಎಂಬುದನ್ನು ಗಾಡಿಯ ಚಾಲಕ ನಿರ್ಧರಿಸುವುದಿಲ್ಲ. ವಾರ್ಡಿನ ಸದಸ್ಯರೂ ಒಬ್ಬರೇ ಕುಳಿತು ನಿರ್ಧರಿಸಲಾರರು. ಆದರೂ ನಾವು ಬೈಯುವುದು ಚಾಲಕನನ್ನು, ಫೋನ್ ಮಾಡುವುದು ಸದಸ್ಯರಿಗೆ. ನಿಜವಾಗಿ ಆ ನಿರ್ಧಾರ ಐದಾರು ಕಾಗದಗಳಲ್ಲಿ ಹಂಚಿಹೋಗಿರುತ್ತದೆ: ಉಪವಿಧಿ (ಬೈಲಾ), ಬಜೆಟ್, ಕ್ರಿಯಾ ಯೋಜನೆ, ಸಾಮಾನ್ಯ ಸಭೆಯ ಠರಾವು, ಟೆಂಡರಿನ ಷರತ್ತುಗಳು ಮತ್ತು ಆರೋಗ್ಯ ಶಾಖೆಯ ಮೇಜಿನ ಮೇಲಿರುವ ಮಾರ್ಗಪಟ್ಟಿ. ಪ್ರತಿ ಕಾಗದಕ್ಕೂ ಅದನ್ನು ತಿದ್ದಲು ಸಾಧ್ಯವಿರುವ ಒಂದು ಕಾಲವಿದೆ. ಆ ಕಾಲ ಕಳೆದ ಮೇಲೆ ಎಷ್ಟು ಜನ ಸಹಿ ಹಾಕಿದರೂ ಅರ್ಜಿ ಕಡತಕ್ಕೆ ಸೇರುತ್ತದೆಯೇ ಹೊರತು ಕೆಲಸಕ್ಕೆ ಸೇರುವುದಿಲ್ಲ. ನಿಮ್ಮ ಅಹವಾಲು ಯಾವ ಕಾಗದಕ್ಕೆ ಸಂಬಂಧಪಟ್ಟದ್ದು, ಅದನ್ನು ಯಾವ ತಿಂಗಳಲ್ಲಿ ಕೊಡಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿಮ್ಮ ಮನೆ ಯಾರ ವ್ಯಾಪ್ತಿಯಲ್ಲಿದೆ ನೋಡಿ

ಕಾರವಾರ, ಶಿರಸಿ ಮತ್ತು ದಾಂಡೇಲಿಗಳಲ್ಲಿ ನಗರಸಭೆ ಇದೆ. ಅಂಕೋಲಾ, ಕುಮಟಾಗಳಲ್ಲಿ ಪುರಸಭೆ, ಹೊನ್ನಾವರದಂಥ ಊರುಗಳಲ್ಲಿ ಪಟ್ಟಣ ಪಂಚಾಯಿತಿ. ಈ ಮೂರಕ್ಕೂ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ನಗರಸಭೆಯ ಆಡಳಿತ ಮುಖ್ಯಸ್ಥರನ್ನು ಪೌರಾಯುಕ್ತರೆಂದೂ ಉಳಿದೆರಡರಲ್ಲಿ ಮುಖ್ಯಾಧಿಕಾರಿ ಎಂದೂ ಕರೆಯುತ್ತಾರೆ. ಗೋಕರ್ಣದಂಥ ಊರು ನೋಡಲು ಪಟ್ಟಣದಂತಿದ್ದರೂ ಗ್ರಾಮ ಪಂಚಾಯಿತಿಯಾಗಿದ್ದು, ಅಲ್ಲಿಯ ದಾರಿ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಬೇರೆಯೇ ಆಗಿದೆ. ಊರಿನ ಅಂಚಿನಲ್ಲಿ ಹೊಸದಾಗಿ ಮನೆ ಕಟ್ಟಿದವರು ಈ ಗಡಿಯನ್ನು ಕೇಳಿ ತಿಳಿಯದೆ ತಿಂಗಳುಗಟ್ಟಲೆ ತಪ್ಪು ಕಚೇರಿಗೆ ಅಲೆಯುವುದುಂಟು. ತೆರಿಗೆ ಯಾರಿಗೆ ಕಟ್ಟುತ್ತೀರೋ ಕಸವೂ ಅವರದೇ ಎಂದು ನೆನಪಿಟ್ಟುಕೊಂಡರೆ ಸಾಕು.

ಸ್ಥಳೀಯ ಸಂಸ್ಥೆ ಎಲ್ಲವನ್ನೂ ತಾನೇ ತೀರ್ಮಾನಿಸಲು ಸ್ವತಂತ್ರವಲ್ಲ. ಸಂವಿಧಾನದ 74ನೇ ತಿದ್ದುಪಡಿಯಿಂದ ಸೇರಿದ ಹನ್ನೆರಡನೇ ಅನುಸೂಚಿಯು ಘನತ್ಯಾಜ್ಯ ನಿರ್ವಹಣೆಯನ್ನು ನಗರ ಸ್ಥಳೀಯ ಸಂಸ್ಥೆಗಳ ವಿಷಯವೆಂದು ಹೇಳಿದರೂ, ಹೇಗೆ ಮಾಡಬೇಕೆಂಬ ಚೌಕಟ್ಟು ಕೇಂದ್ರ ಪರಿಸರ ಸಚಿವಾಲಯದ ನಿಯಮಗಳಿಂದ ಬರುತ್ತದೆ. 2016ರ ನಿಯಮಗಳು ಮನೆಯಲ್ಲೇ ಕಸವನ್ನು ಮೂರಾಗಿ ಬೇರ್ಪಡಿಸಬೇಕೆಂದವು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳು ಹಸಿ ಕಸ, ಒಣ ಕಸ, ಡೈಪರ್ ಮತ್ತು ಸ್ಯಾನಿಟರಿ ಪ್ಯಾಡುಗಳ ಕಸ, ಹಾಗೂ ಬಲ್ಬು, ಔಷಧಿ, ಬಣ್ಣದ ಡಬ್ಬಿಯಂಥ ವಿಶೇಷ ಎಚ್ಚರಿಕೆಯ ಕಸ ಎಂದು ನಾಲ್ಕಾಗಿ ಮಾಡಿದವು. ಹೀಗಾಗಿ “ನಮ್ಮ ವಾರ್ಡಿನಲ್ಲಿ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಳ್ಳಿ” ಎಂದು ಯಾರಾದರೂ ಮನವಿ ಕೊಟ್ಟರೆ ಅದನ್ನು ಒಪ್ಪುವ ಅಧಿಕಾರ ಸಭೆಗಿಲ್ಲ. ಬೇರ್ಪಡಿಸಿ ಕೊಟ್ಟ ಕಸವನ್ನು ಗಾಡಿಯಲ್ಲಿ ಮತ್ತೆ ಬೆರೆಸುತ್ತಿದ್ದರೆ ಅದನ್ನು ಪ್ರಶ್ನಿಸಲು ಮಾತ್ರ ನಿಮಗೆ ಪೂರ್ತಿ ಆಧಾರವಿದೆ.

ಕಡತ ಸಾಗುವ ದಾರಿ

ಕಸದ ಕುರಿತ ಬಹುತೇಕ ಪ್ರಸ್ತಾವಗಳು ಹುಟ್ಟುವುದು ಆರೋಗ್ಯ ಶಾಖೆಯಲ್ಲಿ. ಅಲ್ಲಿ ಪರಿಸರ ಅಭಿಯಂತರರೂ ಆರೋಗ್ಯ ನಿರೀಕ್ಷಕರೂ ಇರುತ್ತಾರೆ. ಎಷ್ಟು ಗಾಡಿ ಓಡುತ್ತಿವೆ, ಯಾವುದು ಕೆಟ್ಟು ನಿಂತಿದೆ, ಯಾವ ವಾರ್ಡಿಗೆ ಎಷ್ಟು ಪೌರಕಾರ್ಮಿಕರಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ರಾಜ್ಯದ ಮಾನದಂಡದಂತೆ 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರು. ಅಂದರೆ 70,000 ಜನರಿರುವ ಊರಿಗೆ ನೂರು ಮಂದಿ. ಆ ನೂರರಲ್ಲಿ ಖಾಲಿ ಹುದ್ದೆ ಎಷ್ಟು, ರಜೆಯಲ್ಲಿರುವವರು ಎಷ್ಟು ಎಂದು ಕಳೆದರೆ ಉಳಿಯುವ ಕೈಗಳೇ ನಿಮ್ಮ ಓಣಿಯ ಪಾಲನ್ನು ತೀರ್ಮಾನಿಸುತ್ತವೆ. ಪೌರಕಾರ್ಮಿಕರ ಸಂಖ್ಯೆ ಹೆಚ್ಚಿಸುವುದು ಸ್ಥಳೀಯ ಸಭೆಯೊಂದರಿಂದಲೇ ಆಗುವ ಕೆಲಸವಲ್ಲವಾದ್ದರಿಂದ, ಇರುವವರನ್ನು ಹಂಚುವ ಬಗೆಯನ್ನು ಕುರಿತ ಮನವಿಗಳು ಬೇಗ ಫಲ ಕೊಡುತ್ತವೆ.

ಆರೋಗ್ಯ ಶಾಖೆ ಟಿಪ್ಪಣಿ ಬರೆದ ಮೇಲೆ ಕಡತ ಪೌರಾಯುಕ್ತರ ಮೂಲಕ ಸ್ಥಾಯಿ ಸಮಿತಿಗೆ ಇಲ್ಲವೇ ನೇರವಾಗಿ ಸಾಮಾನ್ಯ ಸಭೆಗೆ ಹೋಗುತ್ತದೆ. ಸಭೆಗೆ ಕೆಲವು ದಿನ ಮುಂಚೆ ವಿಷಯಪಟ್ಟಿ ಸದಸ್ಯರ ಕೈ ಸೇರುತ್ತದೆ. ನಿಮ್ಮ ಸದಸ್ಯರನ್ನು ಕಾಣಬೇಕಾದ ದಿನಗಳು ಇವೇ. ಸಭೆ ಮುಗಿದ ಮೇಲೆ ಅವರ ಮನೆ ಬಾಗಿಲಿಗೆ ಹೋಗಿ “ನಮ್ಮದೊಂದು ಮಾತು ಎತ್ತಬಹುದಿತ್ತಲ್ಲ” ಎಂದರೆ, “ಅಧ್ಯಕ್ಷರ ಅಪ್ಪಣೆ ಮೇರೆಗೆ ಮುಂದಿನ ಸಲ” ಎಂಬ ಉತ್ತರ ಸಿಗುತ್ತದೆ. ಕಾರವಾರ, ಶಿರಸಿ ಎರಡರಲ್ಲೂ 31 ವಾರ್ಡುಗಳಿದ್ದು, ಚುನಾಯಿತ ಸದಸ್ಯರ ಜೊತೆಗೆ ಶಾಸಕರು ಮತ್ತು ಸಂಸದರಿಗೂ ಸಭೆಯಲ್ಲಿ ಮತವಿದೆ. ಸರಕಾರ ನಾಮಕರಣ ಮಾಡಿದ ಸದಸ್ಯರು ಮಾತನಾಡಬಹುದು, ಮತ ಹಾಕುವಂತಿಲ್ಲ. ಯಾರ ಬಳಿ ಮಾತು ಮಾತ್ರವಿದೆ, ಯಾರ ಬಳಿ ಮತವೂ ಇದೆ ಎಂದು ತಿಳಿದಿರುವುದು ಒಳ್ಳೆಯದು.

ಸಭೆಯಲ್ಲಿ ಆಡಿದ ಮಾತಿಗೂ ಠರಾವಿಗೂ ಇರುವ ಅಂತರವನ್ನು ನಾನು ಇಲ್ಲಿ ಒತ್ತಿ ಹೇಳಬೇಕು. ಪತ್ರಿಕೆಯಲ್ಲಿ “ಕಸ ವಿಲೇವಾರಿ: ಸದಸ್ಯರ ಆಕ್ರೋಶ” ಎಂಬ ತಲೆಬರಹ ಬಂದರೆ ಏನೋ ಆಯಿತೆಂದು ನಾವು ಸಮಾಧಾನಪಡುತ್ತೇವೆ. ಆಕ್ರೋಶಕ್ಕೆ ಕಡತದಲ್ಲಿ ಸಂಖ್ಯೆ ಇರುವುದಿಲ್ಲ. ಠರಾವಿಗೆ ಇರುತ್ತದೆ. ಸಭಾ ನಡವಳಿಯಲ್ಲಿ ಠರಾವಿನ ಸಂಖ್ಯೆ, ದಿನಾಂಕ ಮತ್ತು ಕೊನೆಯ ವಾಕ್ಯವನ್ನು ಓದಿ. “ಪರಿಶೀಲಿಸಿ ಕ್ರಮ ಕೈಗೊಳ್ಳಲು ಸೂಚಿಸಲಾಯಿತು” ಎಂದಿದ್ದರೆ ಯಾರೂ ಏನನ್ನೂ ಮಾಡಬೇಕಾಗಿಲ್ಲ ಎಂದೇ ತಿಳಿಯಿರಿ. “ಅಂದಾಜುಪಟ್ಟಿ ತಯಾರಿಸಿ ನಗರಸಭಾ ನಿಧಿಯಿಂದ ವೆಚ್ಚ ಭರಿಸಲು ಸರ್ವಾನುಮತದಿಂದ ಮಂಜೂರಾತಿ ನೀಡಲಾಯಿತು” ಎಂದಿದ್ದರೆ ಕೆಲಸಕ್ಕೆ ಕಾಲು ಬಂದಿದೆ. ಸಭೆಯ ಠರಾವು ಕಾನೂನಿಗೆ ವಿರುದ್ಧವೆಂದು ಕಂಡರೆ ಅದರ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ ಎಂಬುದೂ ಗಮನದಲ್ಲಿರಲಿ.

ಗಾಡಿ ಮತ್ತು ಚಾಲಕರನ್ನು ಹೊರಗುತ್ತಿಗೆಯಲ್ಲಿ ಪಡೆಯುವುದಾದರೆ ಮುಂದಿನ ಹಂತ ಟೆಂಡರ್. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಂತೆ ಇದು ನಡೆಯುತ್ತದೆ ಮತ್ತು ಟೆಂಡರ್ ದಾಖಲೆಗಳನ್ನು ಸರಕಾರದ ಇ-ಸಂಗ್ರಹಣಾ ಜಾಲತಾಣದಲ್ಲಿ ಯಾರಾದರೂ ನೋಡಬಹುದು. ನಿವಾಸಿಗಳು ಬಹುಮಟ್ಟಿಗೆ ಕೈ ಹಾಕದ ಕಾಗದ ಇದೇ, ಹೆಚ್ಚು ಹುರುಳಿರುವ ಕಾಗದವೂ ಇದೇ. ಗಾಡಿಯಲ್ಲಿ ಹಸಿ, ಒಣ ಕಸಕ್ಕೆ ಬೇರೆ ಬೇರೆ ಗೂಡುಗಳಿರಬೇಕೇ, ದಿನಕ್ಕೆ ಎಷ್ಟು ಟ್ರಿಪ್, ಗಾಡಿ ಕೆಟ್ಟರೆ ಬದಲಿ ಗಾಡಿ ಎಷ್ಟು ಹೊತ್ತಿನೊಳಗೆ, ಬಾರದ ದಿನಕ್ಕೆ ಬಿಲ್ಲಿನಲ್ಲಿ ಎಷ್ಟು ಕಡಿತ ಎಂಬುದೆಲ್ಲ ಇಲ್ಲಿಯ ಷರತ್ತುಗಳು. ಗುತ್ತಿಗೆ ಒಮ್ಮೆ ಆದ ಮೇಲೆ ಅದರಲ್ಲಿಲ್ಲದ್ದನ್ನು ಗುತ್ತಿಗೆದಾರರಿಂದ ಮಾಡಿಸುವುದು ಕಷ್ಟ. ಹಾಗಾಗಿ ಈಗಿನ ಗುತ್ತಿಗೆಯ ಅವಧಿ ಯಾವಾಗ ಮುಗಿಯುತ್ತದೆ ಎಂದು ಆರೋಗ್ಯ ಶಾಖೆಯಲ್ಲಿ ಕೇಳಿಕೊಂಡು, ಅದಕ್ಕೆ ಮೂರ್ನಾಲ್ಕು ತಿಂಗಳ ಮೊದಲೇ ನಿಮ್ಮ ಸಲಹೆಯನ್ನು ಲಿಖಿತವಾಗಿ ಕೊಡಿ.

ಹಣದ ಲೆಕ್ಕ

ಆಸ್ತಿ ತೆರಿಗೆ ತುಂಬುವ ನಮೂನೆಯಲ್ಲಿ ಘನತ್ಯಾಜ್ಯ ನಿರ್ವಹಣೆಯದೆಂದು ಬೇರೆಯೇ ಒಂದು ಕಾಲಂ ಇದೆ. ಏಪ್ರಿಲ್ ತಿಂಗಳಲ್ಲಿ ಶೇ 5ರ ರಿಯಾಯಿತಿಗಾಗಿ ಸಾಲಿನಲ್ಲಿ ನಿಂತು ಹಣ ಕಟ್ಟುವಾಗ ಆ ಕಾಲಂ ನೋಡಿಟ್ಟುಕೊಳ್ಳಿ. ಅಹವಾಲು ಹೇಳುವಾಗ ಆ ರಸೀದಿಯ ಪ್ರತಿ ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ. ಆದರೆ ಈ ಶುಲ್ಕವೊಂದರಿಂದಲೇ ವ್ಯವಸ್ಥೆ ನಡೆಯುವುದಿಲ್ಲ. ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ಸ್ವಚ್ಛ ಭಾರತ್ ಮಿಷನ್‌ನ ಹಣ ಎಲ್ಲವೂ ಸೇರುತ್ತವೆ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ನಮ್ಮಂಥ ಊರುಗಳಿಗೆ ಬಂದ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. 2021ರ ಅಕ್ಟೋಬರ್ 1ರಂದು ಆರಂಭವಾದ ಸ್ವಚ್ಛ ಭಾರತ್ ಮಿಷನ್‌ನ ಎರಡನೇ ಹಂತದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಘನತ್ಯಾಜ್ಯ ಯೋಜನೆಗೆ ಕೇಂದ್ರದ ಪಾಲು ಶೇ 50. 2011ರ ಜನಗಣತಿಯಂತೆ ಕಾರವಾರವೂ ಶಿರಸಿಯೂ ಈ ಗುಂಪಿಗೇ ಸೇರುತ್ತವೆ.

ಇದರಿಂದ ನಿವಾಸಿಗೆ ತಿಳಿಯಬೇಕಾದದ್ದು ಇಷ್ಟು: ಹೊಸ ಗಾಡಿ, ಯಂತ್ರ, ಗೊಬ್ಬರದ ಶೆಡ್ಡುಗಳಂಥ ಒಮ್ಮೆ ಖರೀದಿಸುವ ಅಥವಾ ಕಟ್ಟುವ ವಸ್ತುಗಳಿಗೆ ಅನುದಾನ ಸಿಗುವುದು ಸುಲಭ, ಆ ಗಾಡಿಗೆ ಡೀಸೆಲ್, ಆ ಯಂತ್ರಕ್ಕೆ ದುರಸ್ತಿ, ಆ ಶೆಡ್ಡಿಗೆ ಕಾವಲು ಬೇಕೆಂದರೆ ಹಣ ಸ್ವಂತ ನಿಧಿಯಿಂದಲೇ ಹೊರಡಬೇಕು. ಯಂತ್ರ ಬಂದು ತುಕ್ಕು ಹಿಡಿಯುವ ಕಥೆಗೆ ಕಾರಣ ಇದು. ಡಿಸೆಂಬರಿನಿಂದ ಫೆಬ್ರವರಿಯ ನಡುವೆ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನೂ ಕರೆಯುತ್ತಾರೆ. ಆ ಸಭೆಗೆ ಬರುವವರು ಬೆರಳೆಣಿಕೆಯ ಮಂದಿ, ಅವರಲ್ಲಿ ಹೆಚ್ಚಿನವರು ರಸ್ತೆ, ಗಟಾರ, ಬೀದಿದೀಪದ ಮಾತೆತ್ತಿ ಚಹಾ ಕುಡಿದು ಹೋಗುತ್ತಾರೆ. ಅಲ್ಲಿ ಎದ್ದು ನಿಂತು “ಕಳೆದ ವರ್ಷ ಕೊಂಡ ಗಾಡಿಗಳ ನಿರ್ವಹಣೆಗೆ ಈ ವರ್ಷ ಎಷ್ಟು ಇಟ್ಟಿದ್ದೀರಿ?” ಎಂದು ಒಂದೇ ಪ್ರಶ್ನೆ ಕೇಳಿ, ಅದನ್ನೇ ಬರೆದೂ ಕೊಡಿ.

ಜಾಗದ ತಂಟೆ

ಉತ್ತರ ಕನ್ನಡದಲ್ಲಿ ಕಸದ ಎಲ್ಲ ನಿರ್ಧಾರಗಳೂ ಕೊನೆಗೆ ಬಂದು ನಿಲ್ಲುವುದು ಜಾಗದಲ್ಲಿ. ಕಾರವಾರವನ್ನೇ ನೋಡಿ: ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ನೌಕಾನೆಲೆ. ಶಿರಸಿಯಲ್ಲಿ ಊರು ಮುಗಿದರೆ ಕಾಡು, ಇಲ್ಲವೇ ಅಡಿಕೆ ತೋಟ. 2016ರ ನಿಯಮಗಳು ಭೂಭರ್ತಿ ತಾಣವು, ಅಂದರೆ ಕಸ ಹೂಳುವ ಜಾಗವು, ನದಿಯಿಂದ 100 ಮೀಟರ್, ಕೆರೆಯಿಂದ, ಹೆದ್ದಾರಿಯಿಂದ, ಜನವಸತಿಯಿಂದ ಮತ್ತು ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರವಿರಬೇಕೆಂದು ಹೇಳಿ, ಕರಾವಳಿ ನಿಯಂತ್ರಣ ವಲಯದಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದವು. ಮನೆಗೊಂದು ಬಾವಿಯಿರುವ ನಮ್ಮ ಜಿಲ್ಲೆಯ ನಕ್ಷೆಯ ಮೇಲೆ ಈ ಅಳತೆಗಳನ್ನು ಇಟ್ಟುನೋಡಿದರೆ ಉಳಿಯುವ ತುಂಡುಗಳು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಅವುಗಳಲ್ಲೂ ಅರಣ್ಯ ಜಮೀನಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಅನುಮತಿ ಬೇಕು. ಜಾಗ ಗುರುತಿಸುವುದು ಜಿಲ್ಲಾಡಳಿತದ ಜೊತೆಗೂಡಿ ನಡೆಯುವ ಕೆಲಸ, ಘಟಕಕ್ಕೆ ಒಪ್ಪಿಗೆ ಕೊಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಆದ್ದರಿಂದ ಘಟಕದ ದುರ್ವಾಸನೆ, ಕೊಳೆನೀರು, ಬಾವಿ ಕೆಟ್ಟದ್ದು ಇವುಗಳ ದೂರನ್ನು ಸ್ಥಳೀಯ ಸಂಸ್ಥೆಗೆ ಕೊಟ್ಟ ದಿನವೇ ಕಾರವಾರದಲ್ಲಿರುವ ಮಂಡಳಿಯ ಪ್ರಾದೇಶಿಕ ಕಚೇರಿಗೂ ಪ್ರತಿ ಕಳಿಸಬೇಕು.

ಜಾಗ ಇಕ್ಕಟ್ಟಾದಷ್ಟೂ ಹಸಿ ಕಸವನ್ನು ಮನೆಯಲ್ಲೇ ಉಳಿಸಿಕೊಳ್ಳುವವರಿಗೆ ಬೆಲೆ ಬರುತ್ತದೆ. ಹಿತ್ತಲು, ತೆಂಗಿನ ಬುಡ, ಗೊಬ್ಬರಗುಂಡಿ ಇರುವ ಮನೆಗಳು ಇಲ್ಲಿ ಇನ್ನೂ ಬೇಕಾದಷ್ಟಿವೆ. ಬಂಗಡೆಯ ತಲೆ, ಕರುಳನ್ನು ಒಂದು ಮೊಳ ಆಳದ ಗುಂಡಿಯಲ್ಲಿ ಹಾಕಿ ದರಕು (ಒಣಗಿದ ಎಲೆ) ಮತ್ತು ಮಣ್ಣು ಮುಚ್ಚಿದರೆ ನಾಯಿಯೂ ಕೆದಕುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಗುಂಡಿಗೆ ತಗಡಿನ ಹೊದಿಕೆ ಇರದಿದ್ದರೆ ಗೊಬ್ಬರದ ಬದಲು ಕೆಸರಾಗುತ್ತದೆ. ನಗರಸಭೆಯ ಗೊಬ್ಬರದ ಘಟಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೊಸ ಘಟಕದ ಯೋಜನಾ ವರದಿ ಸಭೆಗೆ ಬಂದಾಗ ಗೊಬ್ಬರದ ಸಾಲುಗಳ ಮೇಲೆ ಚಾವಣಿ ಇದೆಯೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕೊಳೆನೀರು ಎಲ್ಲಿಗೆ ಹರಿಯುತ್ತದೆ ಎಂದು ಸದಸ್ಯರಿಂದ ಕೇಳಿಸಿ. ಬಯಲುಸೀಮೆಯ ಊರಿಗೆ ಮಾಡಿದ ವಿನ್ಯಾಸವನ್ನು ಕರಾವಳಿಗೂ ಹಾಗೆಯೇ ತಂದರೆ ಮೊದಲ ಆಷಾಢದಲ್ಲೇ ಅದರ ಬಣ್ಣ ಬಯಲಾಗುತ್ತದೆ.

ಮನವಿ ಬರೆಯುವ ಬಗೆ

ಹಿಂದೆ ನಾನು ಕರಾವಳಿಯ ಒಂದು ಊರಿನಲ್ಲಿ ಬಾಡಿಗೆಗಿದ್ದೆ. ನಮ್ಮ ಓಣಿಗೆ ಗಾಡಿ ಬರುತ್ತಿರಲಿಲ್ಲ. ಮೊದಲ ವರ್ಷ ನಲವತ್ತು ಸಹಿಗಳೊಡನೆ “ನಮ್ಮ ಓಣಿಯನ್ನು ನಿರ್ಲಕ್ಷಿಸಲಾಗುತ್ತಿದ್ದು ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು” ಎಂದು ಬರೆದುಕೊಟ್ಟೆವು. ರಸ್ತೆ ಕಿರಿದಾಗಿದೆ ಎಂಬ ಬಾಯಿಮಾತಿನ ಉತ್ತರ ಬಂತು, ಅಲ್ಲಿಗೆ ಮುಗಿಯಿತು. ಮರುವರ್ಷ ಪಕ್ಕದ ಮನೆಯ ನಿವೃತ್ತ ಸರ್ವೇಯರ್ ಒಬ್ಬರು ಟೇಪ್ ಹಿಡಿದು ಹೊರಟರು. ಓಣಿಯ ತೀರ ಇಕ್ಕಟ್ಟಾದ ಜಾಗ ಏಳು ಅಡಿ ಇತ್ತು. ಐದು ಅಡಿ ಅಗಲದ ಸಣ್ಣ ಟಿಪ್ಪರ್ ಅದರಲ್ಲಿ ಸಲೀಸಾಗಿ ನುಗ್ಗುತ್ತಿತ್ತು. ತೊಂದರೆ ಇದ್ದದ್ದು ತುದಿಯಲ್ಲಿ: ಅಲ್ಲಿ ಗಾಡಿ ತಿರುಗಿಸಲು ಜಾಗವಿರಲಿಲ್ಲ, ನಡುವೆ ಒಂದು ತೆಂಗಿನಮರ ನಿಂತಿತ್ತು. ಮುನ್ನೂರು ಅಡಿ ಹಿಂದಕ್ಕೇ ಓಡಿಸಿಕೊಂಡು ಬರಲು ಯಾವ ಚಾಲಕ ಒಪ್ಪುತ್ತಾನೆ? ನಾವು ಮನವಿಯನ್ನು ಬದಲಿಸಿ, ಗಾಡಿಯ ಬದಲು ಎರಡು ಡಬ್ಬಿಯ ತಳ್ಳುಗಾಡಿ ಕೇಳಿದೆವು. ಅದಕ್ಕೆ ಟೆಂಡರ್ ಬೇಕಾಗಲಿಲ್ಲ, ಠರಾವೂ ಬೇಕಾಗಲಿಲ್ಲ. ಆರೋಗ್ಯ ನಿರೀಕ್ಷಕರು ಮಾರ್ಗಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರು. ಮುಂದಿನ ತಿಂಗಳಿಂದ ಬೆಳಿಗ್ಗೆ ಏಳೂವರೆಗೆ ತಳ್ಳುಗಾಡಿಯ ಗಂಟೆ ಕೇಳಿಸತೊಡಗಿತು.

ಮನವಿಯ ಒಕ್ಕಣೆ ಹೀಗಿದ್ದರೆ ಸಾಕು:

“ವಿಷಯ: ವಾರ್ಡ್ ಸಂಖ್ಯೆ … ರ … ಅಡ್ಡರಸ್ತೆಯ 22 ಮನೆಗಳನ್ನು ಕಸ ಸಂಗ್ರಹಣೆಯ ಮಾರ್ಗಪಟ್ಟಿಗೆ ಸೇರಿಸುವ ಬಗ್ಗೆ. ಮಾನ್ಯರೇ, ಸದರಿ ರಸ್ತೆಯ ಮನೆಗಳಿಂದ ದಿನಾಂಕ … ರಿಂದ … ರವರೆಗೆ ಕಸ ಸಂಗ್ರಹಿಸಿರುವುದಿಲ್ಲ. ರಸ್ತೆಯ ಕನಿಷ್ಠ ಅಗಲ 7 ಅಡಿ ಇದ್ದು, ತುದಿಯಲ್ಲಿ ವಾಹನ ತಿರುಗಿಸಲು ಸ್ಥಳವಿರುವುದಿಲ್ಲ. ಎಲ್ಲ ಮನೆಯವರೂ ಕಸವನ್ನು ಬೇರ್ಪಡಿಸಿಯೇ ಇಡುತ್ತಿದ್ದೇವೆ. ಆದ್ದರಿಂದ ತಳ್ಳುಗಾಡಿಯ ವ್ಯವಸ್ಥೆ ಮಾಡಿ, ತೆಗೆದುಕೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ. ಅಡಕ: ಮನೆ ಸಂಖ್ಯೆಗಳ ಪಟ್ಟಿ, ಆಸ್ತಿ ತೆರಿಗೆ ರಸೀದಿಯ ಪ್ರತಿಗಳು, ರಸ್ತೆಯ ಕೈನಕ್ಷೆ.”

ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದರ ಮೇಲೆ ಮೊಹರು, ದಿನಾಂಕ ಮತ್ತು ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಪೌರಾಯುಕ್ತರ ಕೈಗೇ ಕೊಟ್ಟು ಫೋಟೊ ತೆಗೆಸಿಕೊಂಡ ಮನವಿಗಿಂತ ಆವಕ ಸಂಖ್ಯೆಯಿರುವ ಮನವಿಗೆ ಆಯುಷ್ಯ ಹೆಚ್ಚು.

ತಿಂಗಳು ಕಳೆದರೂ ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದ ಮೀರಬಾರದು. “ಏಕೆ ಮಾಡಲಿಲ್ಲ” ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ಆವಕ ಸಂಖ್ಯೆ ಕೊಟ್ಟು, ಆ ಮನವಿಯ ಮೇಲಿನ ಕಚೇರಿ ಟಿಪ್ಪಣಿಯ ಪ್ರತಿ, ವಾರ್ಡಿನ ಮಾರ್ಗಪಟ್ಟಿಯ ಪ್ರತಿ ಎಂದು ಕಾಗದಗಳನ್ನೇ ಹೆಸರಿಸಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕಾಗುತ್ತದೆ.

ಉಪವಿಧಿ, ಜಾತ್ರೆ, ಆಡಳಿತಾಧಿಕಾರಿ

ದಂಡ ಎಷ್ಟು, ಬಳಕೆದಾರರ ಶುಲ್ಕ ಎಷ್ಟು, ಕಲ್ಯಾಣ ಮಂಟಪ ಮತ್ತು ಹೋಟೆಲುಗಳ ಹೊಣೆ ಏನು ಎಂಬುದು ಉಪವಿಧಿಯಲ್ಲಿ ಬರುತ್ತದೆ. ಅದರ ಕರಡನ್ನು ಪ್ರಕಟಿಸಿ ಆಕ್ಷೇಪಣೆ, ಸಲಹೆ ಆಹ್ವಾನಿಸುತ್ತಾರೆ. ಪತ್ರಿಕೆಯ ಒಳಪುಟದ ಆ ಚಿಕ್ಕ ಪ್ರಕಟಣೆಯನ್ನು ಓದುವವರಿಲ್ಲದೆ, ಮೂರು ತಿಂಗಳ ನಂತರ ದಂಡದ ರಸೀದಿ ಕೈಗೆ ಬಂದಾಗ ಗದ್ದಲವೇಳುತ್ತದೆ. 2026ರ ನಿಯಮಗಳಿಗೆ ತಕ್ಕಂತೆ ಹಳೆಯ ಉಪವಿಧಿಗಳನ್ನು ತಿದ್ದಬೇಕಾಗುವುದರಿಂದ ಸ್ಥಳೀಯ ಸಂಸ್ಥೆಯ ಸೂಚನಾ ಫಲಕದ ಮೇಲೆ ಈಗ ಕಣ್ಣಿಡುವುದು ಒಳಿತು.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಂಥ ಸಂದರ್ಭದ ಕಸದ ತೀರ್ಮಾನಗಳು ಮಾಮೂಲಿ ಮಾರ್ಗಪಟ್ಟಿಗೆ ಒಳಪಡದೆ ಜಾತ್ರೆಯ ಪೂರ್ವಸಿದ್ಧತಾ ಸಭೆಗಳಲ್ಲಿ ಆಗುತ್ತವೆ. ಬಿಡಕಿಬಯಲಿನ ಸುತ್ತಲಿನ ನಿವಾಸಿಗಳು ರಾತ್ರಿ ಪಾಳಿಯ ಸಂಗ್ರಹಣೆ ಬೇಕೆಂದರೆ ಆ ಸಭೆಗೇ ಬರೆದು ಕೊಡಬೇಕು.

ಚುನಾಯಿತ ಮಂಡಳಿಯ ಅವಧಿ ಮುಗಿದು ಚುನಾವಣೆ ತಡವಾದಾಗ ಸರಕಾರ ನೇಮಿಸಿದ ಆಡಳಿತಾಧಿಕಾರಿಗಳು ಸಭೆಯ ಅಧಿಕಾರವನ್ನು ಚಲಾಯಿಸುತ್ತಾರೆ. ಆಗ ವಿಷಯಪಟ್ಟಿ, ಚರ್ಚೆ, ಮತ ಯಾವುದೂ ಇರುವುದಿಲ್ಲ. ಪೌರಾಯುಕ್ತರ ಟಿಪ್ಪಣಿ ಮತ್ತು ಅದರ ಕೆಳಗೊಂದು ಸಹಿ ಇರುತ್ತದೆ. ಕೆಲಸ ಬೇಗ ಆಗಬಹುದು, ಆದರೆ ಏನಾಯಿತೆಂದು ಊರಿಗೆ ತಿಳಿಯುವುದು ತಡ. ಮಾಜಿ ಸದಸ್ಯರ ಮನೆಗೆ ಹೋಗುವುದನ್ನು ಬಿಟ್ಟು ಮನವಿಯ ಒಂದು ಪ್ರತಿಯನ್ನು ಆಡಳಿತಾಧಿಕಾರಿಗಳಿಗೂ ಇನ್ನೊಂದನ್ನು ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೂ ಕೊಡಬೇಕು. ಅಲ್ಲಿಯೂ ಆವಕ ಸಂಖ್ಯೆ ಕೇಳಿ ಪಡೆಯಿರಿ.